ವಾರಾಂತ್ಯದ ಓವಲ್‌ನಿಂದ ಕಪ್ ಸೀರೀಸ್‌ವರೆಗೆ: ಸ್ಟಾಕ್ ಕಾರ್ ಚಾಲಕ ಮೆಟ್ಟಿಲು ಹತ್ತುವ ಬಗೆ

ಮಾಮೂಲು ಕಾರಿನ ರೂಪದ ರೇಸಿಂಗ್ ಕಾರುಗಳನ್ನು (ಸ್ಟಾಕ್ ಕಾರು) ಓಡಿಸುವ ಅಮೆರಿಕದ ನಾಸ್ಕಾರ್ ಸಂಸ್ಥೆಯ ತುದಿಯ ಸರಣಿ ಕಪ್ ಸೀರೀಸ್. ಅದರ ಒಂದು ರೇಸಿನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 40 ಕಾರುಗಳು ಇಳಿಯುತ್ತವೆ. ಅವುಗಳಲ್ಲಿ 36 ಜಾಗಗಳು ಚಾರ್ಟರ್ (ಪ್ರತಿ ರೇಸಿಗೂ ಖಾತರಿ ಪ್ರವೇಶದ ಹಕ್ಕು) ಇರುವ ತಂಡಗಳಿಗೆ ಮೊದಲೇ ಮೀಸಲು. ಅಮೆರಿಕದ ಸಣ್ಣ ಊರುಗಳ ಓವಲ್ (ಅಂಡಾಕಾರದ) ಟ್ರ್ಯಾಕುಗಳಲ್ಲಿ ಪ್ರತಿ ಶನಿವಾರ ರಾತ್ರಿ ಕಾರು ಓಡಿಸುವವರು ಸಾವಿರಾರು ಮಂದಿ. ಇಷ್ಟು ಕಿರಿದಾದ ಬಾಗಿಲಿನ ಮುಂದೆ ನಿಂತವರಿಗೆ ಬರುವ ಮೊದಲ ಆಲೋಚನೆ ‘ಆದಷ್ಟು ಬೇಗ ಮೇಲಿನ ದರ್ಜೆಗೆ ಹೋಗಿಬಿಡೋಣ’ ಎಂಬುದು. ಹೆಚ್ಚಿನವರು ಎಡವುವುದೂ ಅಲ್ಲೇ. ದೊಡ್ಡ ಕಾರಿನಲ್ಲಿ ಹದಿನೆಂಟನೇ ಸ್ಥಾನಕ್ಕೆ ಬಂದ ಐದು ರೇಸುಗಳ ಖರ್ಚಿನಲ್ಲಿ ಸಣ್ಣ ಕಾರಿನಲ್ಲಿ ಎರಡು ವರ್ಷ ಮುಂದಿನ ಸಾಲಿನಲ್ಲಿ ಹೋರಾಡಬಹುದು. ಕಲಿಕೆ ಇರುವುದು ಮುಂದಿನ ಸಾಲಿನ ಹೋರಾಟದಲ್ಲಿ.

ಮೆಟ್ಟಿಲುಗಳು ಸ್ಥೂಲವಾಗಿ ಹೀಗಿವೆ: ಮಕ್ಕಳ ಕಾರುಗಳು (ಕ್ವಾರ್ಟರ್ ಮಿಡ್ಜೆಟ್, ಬ್ಯಾಂಡಲೆರೊ), ಲೆಜೆಂಡ್ಸ್ ಕಾರು, ಲೇಟ್ ಮಾಡೆಲ್ (ಸ್ಥಳೀಯ ಟ್ರ್ಯಾಕುಗಳ ಪೂರ್ಣ ಅಳತೆಯ ಸ್ಟಾಕ್ ಕಾರು), ಆರ್ಕಾ ಮೆನಾರ್ಡ್ಸ್ ಸೀರೀಸ್, ಕ್ರಾಫ್ಟ್ಸ್‌ಮನ್ ಟ್ರಕ್ ಸೀರೀಸ್ (ಪಿಕಪ್ ರೂಪದ ಗಾಡಿಗಳದು), ಅದರ ಮೇಲೆ 2025ರವರೆಗೆ ಎಕ್ಸ್‌ಫಿನಿಟಿ ಎಂದಿದ್ದು 2026ರಿಂದ ಓ'ರೈಲಿ ಆಟೋ ಪಾರ್ಟ್ಸ್ ಹೆಸರು ಪಡೆದ ಸೀರೀಸ್, ತುದಿಯಲ್ಲಿ ಕಪ್. ಎಲ್ಲರೂ ಎಲ್ಲ ಮೆಟ್ಟಿಲನ್ನೂ ತುಳಿಯಲೇಬೇಕೆಂಬ ಕಾನೂನಿಲ್ಲ. ಆದರೆ ಲೇಟ್ ಮಾಡೆಲ್ ಮೆಟ್ಟಿಲನ್ನು ಹಾರಿ ಹೋದವರು ಮೇಲೆ ಹೋದ ಮೇಲೆ ಅದರ ಬೆಲೆ ತೆರುತ್ತಾರೆ. ಅದು ಯಾಕೆಂದು ಮುಂದೆ ವಿವರವಾಗಿ ಬರುತ್ತದೆ.

ಮಕ್ಕಳ ಕಾರಿನಲ್ಲಿ ಕಲಿಯಬೇಕಾದ್ದು ಇಷ್ಟೇ

ಕ್ವಾರ್ಟರ್ ಮಿಡ್ಜೆಟ್‌ಗೆ ಐದು ವರ್ಷದ ಮಕ್ಕಳೂ ಇಳಿಯಬಹುದು. ಒಂದು ಮೈಲಿಯ ಇಪ್ಪತ್ತನೇ ಒಂದು ಭಾಗದಷ್ಟು ಉದ್ದದ ಪುಟ್ಟ ಓವಲ್, ಸುತ್ತ ಸರಳುಗಳ ಪಂಜರ, ಹಿಂದೆ ಸಣ್ಣ ಎಂಜಿನ್. ಮುಂದೆ ಕಪ್ ಚಾಂಪಿಯನ್ ಆದ ಜೆಫ್ ಗಾರ್ಡನ್ ಐದನೇ ವಯಸ್ಸಿಗೆ ಶುರು ಮಾಡಿದ್ದು ಇಂಥದ್ದರಲ್ಲೇ. ಎಂಟು ದಾಟಿದವರಿಗೆ ಬ್ಯಾಂಡಲೆರೊ ಸಿಗುತ್ತದೆ. ಸುಮಾರು 30 ಅಶ್ವಶಕ್ತಿಯ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್, ಸುಮಾರು 550 ಪೌಂಡ್ ತೂಕ, ಗೇರ್ ಬದಲಿಸುವ ಗೊಡವೆ ಇಲ್ಲ. ನೋಡಲು ಸ್ಟಾಕ್ ಕಾರಿನ ಮರಿಯಂತಿರುತ್ತದೆ.

ಈ ಹಂತದಲ್ಲಿ ಮಗು ಕಲಿಯಬೇಕಾದ್ದು ಮೂರು. ನೋಟವನ್ನು ಮುಂದಿನ ಕಾರಿನ ಬಂಪರಿಗೆ ಅಂಟಿಸದೆ ತಿರುವಿನ ಕೊನೆಗೆ ಕಳಿಸುವುದು, ಬಾವುಟಗಳಿಗೆ ತಕ್ಷಣ ಸ್ಪಂದಿಸುವುದು, ಪಕ್ಕದಲ್ಲಿ ಕಾರಿದ್ದಾಗ ಅದಕ್ಕೊಂದು ಕಾರಿನಷ್ಟು ಜಾಗ ಬಿಡುವುದು. ಕಾರಿನ ಸೆಟಪ್ (ಸ್ಪ್ರಿಂಗು, ತೂಕ, ಟೈರುಗಳ ಹೊಂದಿಕೆ) ಬಗ್ಗೆ ಮಗುವಿನ ತಲೆ ತಿನ್ನುವುದು ಬೇಡ. ಅಪ್ಪಂದಿರು ಒಂದು ಟ್ರೋಫಿಗಾಗಿ ಎಂಜಿನ್ ಮೇಲೆ ಹಣ ಸುರಿಯುವುದು ಈ ಮಟ್ಟದಲ್ಲಿ ಮಾಮೂಲು, ಮತ್ತು ಪೂರಾ ದಂಡ. ಹನ್ನೊಂದನೇ ವಯಸ್ಸಿನ ಟ್ರೋಫಿ ನೋಡಿ ಸೀಟು ಕೊಡುವ ತಂಡ ಯಾವುದೂ ಇಲ್ಲ.

ಲೆಜೆಂಡ್ಸ್ ಕಾರು: ಅಗ್ಗದ ಗುರು

1992ರಲ್ಲಿ ಷಾರ್ಲಟ್‌ನಲ್ಲಿ ಹುಟ್ಟಿದ ಲೆಜೆಂಡ್ಸ್ ಕಾರು 1930–40ರ ದಶಕದ ಫೋರ್ಡ್, ಷೆವ್ರೊಲೆ ಕಾರುಗಳ ಎಂಟರಲ್ಲಿ ಐದು ಭಾಗದಷ್ಟು ಅಳತೆಯ ಪ್ರತಿರೂಪ. ಒಳಗಿರುವುದು ಯಮಾಹಾ ಮೋಟಾರ್‌ಸೈಕಲ್ ಎಂಜಿನ್ ಮತ್ತು ಅದರದೇ ಐದು ಗೇರು. ಚಾಲಕನೂ ಸೇರಿ ತೂಕ ಸುಮಾರು 1,300 ಪೌಂಡ್. ಚಕ್ರಗಳ ನಡುವಿನ ಅಂತರ ಕಡಿಮೆ, ಹಿಡಿತ ಕಡಿಮೆ, ತೂಕಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚು. ಆದ್ದರಿಂದ ಹಿಂಭಾಗ ಯಾವಾಗ ಬೇಕಾದರೂ ಜಾರುತ್ತದೆ, ಅದನ್ನು ಸ್ಟೇರಿಂಗ್ ಮತ್ತು ಬಲಗಾಲಿನಿಂದ ಹಿಡಿದು ನಿಲ್ಲಿಸುವುದು ಕೈಗೆ ರೂಢಿಯಾಗುತ್ತದೆ. ಲೆಜೆಂಡ್ಸ್ ಓಡಿಸಿದವನಿಗೆ ದೊಡ್ಡ ಕಾರು ನಿಧಾನವಾಗಿ ಜಾರುವಂತೆ ಕಾಣುತ್ತದೆ. ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ.

ಹೊಸ ಕಾರು ಕೊಳ್ಳಬೇಡಿ. ಬಳಸಿದ ಕಾರು ಹತ್ತು ಸಾವಿರ ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ಕೊಳ್ಳುವ ಮುನ್ನ ನೋಡಬೇಕಾದ್ದು ಬಣ್ಣವನ್ನಲ್ಲ, ಚಾಸಿಯನ್ನು (ಕಾರಿನ ಚೌಕಟ್ಟನ್ನು). ಎಡಗಡೆಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಳತೆ, ಬಲಗಡೆಯದ್ದು, ಎರಡು ಕರ್ಣಗಳು, ಎಲ್ಲವನ್ನೂ ಟೇಪ್ ಹಿಡಿದು ನೋಡಿ. ಕರ್ಣಗಳಲ್ಲಿ ಕಾರಣವಿಲ್ಲದ ವ್ಯತ್ಯಾಸ ಕಂಡರೆ ಆ ಕಾರು ಗೋಡೆಗೆ ಬಡಿದು ಬಾಗಿದೆ, ಎಷ್ಟು ಸೆಟಪ್ ಮಾಡಿದರೂ ನೇರ ಹೋಗುವುದಿಲ್ಲ. ಎಂಜಿನ್ನಿನ ಸೀಲ್ ಒಡೆದಿದೆಯೇ ನೋಡಿ. ಸೀಲ್ ಇಲ್ಲದ ಎಂಜಿನ್ ತಾಂತ್ರಿಕ ತಪಾಸಣೆಯಲ್ಲಿ ಅನರ್ಹ.

ಷಾರ್ಲಟ್ ಮೋಟಾರ್ ಸ್ಪೀಡ್‌ವೇಯ ಮುಂಭಾಗದ ಕಾಲು ಮೈಲಿ ಓವಲ್‌ನಲ್ಲಿ ಪ್ರತಿ ಬೇಸಿಗೆ ನಡೆಯುವ ಸಮ್ಮರ್ ಶೂಟ್‌ಔಟ್ ಈ ಮಟ್ಟದ ದೊಡ್ಡ ವೇದಿಕೆ. ಹೆಚ್ಚಿನ ಕಪ್ ತಂಡಗಳ ವರ್ಕ್‌ಶಾಪುಗಳು ಷಾರ್ಲಟ್ ಸುತ್ತಮುತ್ತಲೇ ಇವೆ. ಹಾಗಾಗಿ ಅಲ್ಲಿ ಚೆನ್ನಾಗಿ ಓಡಿಸಿದ್ದು ಕಣ್ಣಿಗೆ ಬೀಳುತ್ತದೆ, ಪಕ್ಕದವನನ್ನು ಗೋಡೆಗೆ ತಳ್ಳಿದ್ದೂ ಬೀಳುತ್ತದೆ.

ಮೈಮೇಲೆ ಹಾಕುವುದರಲ್ಲಿ ಉಳಿತಾಯ ಬೇಡ

ಕಾರು ಹಳೆಯದಿರಲಿ, ಸುರಕ್ಷತೆಯ ಸಾಮಾನು ಹೊಸದಾಗಿರಲಿ. ಸೂಟು ಎಸ್‌ಎಫ್‌ಐ 3.2ಎ/5 ದರ್ಜೆಯದಿರಲಿ (ಇದು ರೇಸಿಂಗ್ ಸುರಕ್ಷತಾ ಸಾಮಾನಿನ ಮಾನದಂಡ). ಬೆಂಕಿಯಲ್ಲಿ ಎರಡನೇ ಹಂತದ ಸುಟ್ಟಗಾಯ ಆಗುವ ಮುನ್ನ ಸುಮಾರು 10 ಸೆಕೆಂಡು ಕೊಡುತ್ತದೆ. ಒಂದೇ ಪದರದ 3.2ಎ/1 ಕೊಡುವುದು ಸುಮಾರು 3 ಸೆಕೆಂಡು ಮಾತ್ರ. ಅಡ್ಡಬಿದ್ದ ಕಾರಿನಿಂದ ಕಿಟಕಿ ಜಾಲರಿ ಬಿಚ್ಚಿ ಹೊರಬರಲು ಮೂರು ಸೆಕೆಂಡು ಯಾರಿಗೂ ಸಾಲದು. ಹೆಲ್ಮೆಟ್‌ಗೆ ಸ್ನೆಲ್ ಎಸ್‌ಎ ಮುದ್ರೆ ಬೇಕು. ಬೈಕಿನ ಎಂ ಮುದ್ರೆಯ ಹೆಲ್ಮೆಟ್ ನಡೆಯುವುದಿಲ್ಲ, ಅದರ ಒಳಪದರ ಬೆಂಕಿ ತಡೆಯುವಂಥದ್ದಲ್ಲ. ತಲೆ-ಕುತ್ತಿಗೆ ಹಿಡಿಯುವ ಹಾನ್ಸ್ ಬಗೆಯ ಸಾಧನಕ್ಕೆ ಎಸ್‌ಎಫ್‌ಐ 38.1 ಚೀಟಿ ಇರಬೇಕು, ಐದು ವರ್ಷಕ್ಕೊಮ್ಮೆ ಮರುಪರೀಕ್ಷೆ ಆಗಬೇಕು. 2001ರ ಫೆಬ್ರವರಿಯಲ್ಲಿ ಡೇಟೋನಾದ ಕೊನೆಯ ಲ್ಯಾಪಿನ ಅಪಘಾತದಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡ ಮೇಲೆ, ಅದೇ ವರ್ಷದ ಅಕ್ಟೋಬರಿನಲ್ಲಿ ನಾಸ್ಕಾರ್ ಇದನ್ನು ಕಡ್ಡಾಯ ಮಾಡಿತು. ಎಸ್‌ಎಫ್‌ಐ 16.1 ಬೆಲ್ಟುಗಳ ಆಯಸ್ಸು ಎರಡು ವರ್ಷ. ಬಿಸಿಲಿಗೆ ನೈಲಾನ್, ಪಾಲಿಯೆಸ್ಟರ್ ನೂಲು ಹೊರಗೆ ಏನೂ ಕಾಣಿಸದೆ ಒಳಗೇ ಸೊರಗುತ್ತದೆ, ಆದ್ದರಿಂದ ‘ಚೆನ್ನಾಗೇ ಇದೆಯಲ್ಲ’ ಎಂಬ ಮಾತಿಗೆ ಅರ್ಥವಿಲ್ಲ.

ಭುಜದ ಬೆಲ್ಟನ್ನು ಹಿಂದೆ ಬಿಗಿಯುವ ಸರಳು ಭುಜದ ಎತ್ತರದಲ್ಲಿ ಅಥವಾ ತುಸು ಕೆಳಗಿರಬೇಕು. ತುಂಬಾ ಕೆಳಗಿದ್ದರೆ ಡಿಕ್ಕಿಯಾದಾಗ ಬೆಲ್ಟು ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತದೆ. ಬಳಸಿದ ಕಾರು ಕೊಂಡವರು ಹಳೆಯ ಮಾಲೀಕನ ಎತ್ತರಕ್ಕೆ ಹಾಕಿದ್ದ ಸೀಟು-ಬೆಲ್ಟುಗಳನ್ನು ಹಾಗೇ ಬಳಸುವುದು ಅಪಾಯಕಾರಿ ಸೋಮಾರಿತನ.

ಲೇಟ್ ಮಾಡೆಲ್: ನಿಜವಾದ ಶಾಲೆ

ಇಲ್ಲಿಂದ ಚಾಲಕನಿಗೆ ಎರಡು ಕೆಲಸ. ಓಡಿಸುವುದು ಒಂದು, ಓಡಿದ್ದನ್ನು ಮೆಕ್ಯಾನಿಕ್‌ಗಳಿಗೆ ಅರ್ಥವಾಗುವಂತೆ ಹೇಳುವುದು ಇನ್ನೊಂದು. ಟ್ರಕ್ ಮಟ್ಟಕ್ಕೆ ಹೋದಾಗ ಅಭ್ಯಾಸಕ್ಕೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಕಾರಿನ ಕಾಯಿಲೆ ಹೇಳಲಾಗದವನಿಗೆ ಕ್ರೂ ಚೀಫ್ (ಮೆಕ್ಯಾನಿಕ್‌ಗಳ ಮುಖ್ಯಸ್ಥ) ಕುರುಡಾಗಿ ಔಷಧಿ ಕೊಡಬೇಕಾಗುತ್ತದೆ. ಆ ಭಾಷೆ ಕಲಿಯಲು ಲೇಟ್ ಮಾಡೆಲ್‌ನಷ್ಟು ಒಳ್ಳೆಯ ಜಾಗ ಇಲ್ಲ, ಯಾಕೆಂದರೆ ಇಲ್ಲಿ ತಪ್ಪು ತಿದ್ದುವ ಪಾನಾ ನಿಮ್ಮ ಕೈಯಲ್ಲೇ ಇರುತ್ತದೆ.

ಮೊದಲು ಯಾವ ಬಗೆಯ ಲೇಟ್ ಮಾಡೆಲ್ ಎಂದು ನಿರ್ಧರಿಸಿ. ಕೆರೊಲಿನಾ ಮತ್ತು ವರ್ಜೀನಿಯಾಗಳಲ್ಲಿ ಲೇಟ್ ಮಾಡೆಲ್ ಸ್ಟಾಕ್ ಕಾರ್ ಪ್ರಬಲ. ತೂಕ ಹೆಚ್ಚು, ಟೈರಿನ ಅಗಲ ಕಡಿಮೆ, ಅಡ್ಡಲಾಗಿ ಜಾರುತ್ತದೆ. 2023ರಿಂದ ಡೇಲ್ ಅರ್ನ್‌ಹಾರ್ಟ್ ಜೂನಿಯರ್, ಕೆವಿನ್ ಹಾರ್ವಿಕ್, ಜೆಫ್ ಬರ್ಟನ್, ಜಸ್ಟಿನ್ ಮಾರ್ಕ್ಸ್ ಜತೆಯಾಗಿ ನಡೆಸುತ್ತಿರುವ ಪ್ರಾದೇಶಿಕ ಸರಣಿ ಕಾರ್ಸ್ ಟೂರ್‌ನಲ್ಲಿ ಓಡುವುದು ಇದು ಮತ್ತು ಪ್ರೊ ಲೇಟ್ ಮಾಡೆಲ್. ಪ್ರೊದಲ್ಲಿ ಕಾರ್ಖಾನೆಯಿಂದ ಸೀಲ್ ಆಗಿ ಬರುವ ಕ್ರೇಟ್ ಎಂಜಿನ್ ಇರುತ್ತದೆ. ಜನರಲ್ ಮೋಟಾರ್ಸ್‌ನ 604 ಎಂಬುದು ಸುಮಾರು 400 ಅಶ್ವಶಕ್ತಿಯದು. ಸೂಪರ್ ಲೇಟ್ ಮಾಡೆಲ್ ಚಾಸಿಯಲ್ಲಿ ಪ್ರೊಗೆ ಹತ್ತಿರ, ಎಂಜಿನ್ನಿನಲ್ಲಿ ಬಹಳ ಮೇಲೆ. ಮೊದಲ ಎರಡು ವರ್ಷಕ್ಕೆ ಕ್ರೇಟ್ ಎಂಜಿನ್ ಜಾಣತನ. ಶಕ್ತಿ ಕಡಿಮೆ ಇರುವುದರಿಂದ ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ನೇರ ದಾರಿಯಲ್ಲಿ ಮುಚ್ಚಿಡಲು ಆಗುವುದಿಲ್ಲ, ತಪ್ಪು ನೇರವಾಗಿ ಗಡಿಯಾರದಲ್ಲಿ ಕಾಣುತ್ತದೆ.

ಒಂದೇ ಟ್ರ್ಯಾಕಿನಲ್ಲಿ ಇಡೀ ವರ್ಷ ಓಡಿ. ನಾಸ್ಕಾರ್‌ನ ವಾರದ ರೇಸುಗಳ ರಾಷ್ಟ್ರೀಯ ಪಟ್ಟಿಯಲ್ಲಿ ಚಾಲಕನ ಅತ್ಯುತ್ತಮ 18 ಫಲಿತಾಂಶಗಳನ್ನು ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಹಿಕರಿ, ಸೌತ್ ಬಾಸ್ಟನ್, ಲ್ಯಾಂಗ್ಲಿಯಂಥ ಟ್ರ್ಯಾಕುಗಳಲ್ಲಿ ವಾರವಾರವೂ ಇಳಿಯುವ ಸ್ಥಳೀಯ ಹಿರಿಯರನ್ನು ಸೋಲಿಸುವುದು, ಊರೂರು ಸುತ್ತಿ ಆರು ದೊಡ್ಡ ರೇಸು ಓಡುವುದಕ್ಕಿಂತ ಕಷ್ಟ ಮತ್ತು ಉಪಯುಕ್ತ. ಟ್ರ್ಯಾಕು ಬದಲಾಗದಿದ್ದರೆ ಮಾತ್ರ ಬದಲಾದದ್ದು ಕಾರೋ ಚಾಲಕನೋ ಎಂದು ಗೊತ್ತಾಗುತ್ತದೆ.

ತೂಕದ ಕೆಲಸದಿಂದ ಶುರುಮಾಡಿ. ಸಮತಟ್ಟಾದ ನೆಲದಲ್ಲಿ ನಾಲ್ಕು ಚಕ್ರಗಳಡಿ ನಾಲ್ಕು ತಕ್ಕಡಿ, ಟೈರುಗಳಲ್ಲಿ ರೇಸಿನ ಗಾಳಿ, ಟ್ಯಾಂಕಿನಲ್ಲಿ ನಿಗದಿತ ಇಂಧನ, ಸೀಟಿನಲ್ಲಿ ಚಾಲಕ ಅಥವಾ ಅಷ್ಟೇ ತೂಕದ ಚೀಲ, ಆ್ಯಂಟಿ ರೋಲ್ ಬಾರ್ (ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು) ಕಳಚಿರಬೇಕು. ಉದಾಹರಣೆಗೆ ಎಡ ಮುಂದೆ 780, ಬಲ ಮುಂದೆ 600, ಎಡ ಹಿಂದೆ 800, ಬಲ ಹಿಂದೆ 620 ಪೌಂಡ್ ಬಂತೆನ್ನಿ. ಒಟ್ಟು 2,800. ಎಡಗಡೆಯ ತೂಕ 1,580, ಅಂದರೆ ಶೇ 56.4. ಬಲ ಮುಂದಿನದನ್ನೂ ಎಡ ಹಿಂದಿನದನ್ನೂ ಕೂಡಿದರೆ 1,400, ಸರಿಯಾಗಿ ಶೇ 50. ಈ ಎರಡನೆಯ ಲೆಕ್ಕಕ್ಕೆ ಕ್ರಾಸ್ ವೇಟ್ ಅಥವಾ ವೆಡ್ಜ್ ಎನ್ನುತ್ತಾರೆ. ಅದನ್ನು ಏರಿಸಿದರೆ ಕಾರು ತಿರುಗಲು ಒಲ್ಲೆ ಎನ್ನುತ್ತದೆ, ಇಳಿಸಿದರೆ ಹಿಂಭಾಗ ಸಡಿಲವಾಗುತ್ತದೆ. ಸ್ಪ್ರಿಂಗಿನ ಮೇಲಿನ ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ತೂಗಿ, ಎಷ್ಟು ಬದಲಾಯಿತೆಂದು ನಿಮ್ಮ ಕಾರಿಗೆ ನೀವೇ ಪಟ್ಟಿ ಮಾಡಿಕೊಳ್ಳಿ. ರೇಸಿನ ರಾತ್ರಿ ಊಹೆಗೆ ಸಮಯ ಇರುವುದಿಲ್ಲ.

ನಂತರ ಸ್ಟ್ಯಾಗರ್. ಓವಲ್‌ನಲ್ಲಿ ಕಾರು ಎಡಕ್ಕೇ ತಿರುಗುತ್ತದೆ, ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು. ಆದ್ದರಿಂದ ಬಲ ಹಿಂದಿನ ಟೈರಿನ ಸುತ್ತಳತೆ ಎಡದ್ದಕ್ಕಿಂತ ಹೆಚ್ಚಿರುತ್ತದೆ. ಎಷ್ಟು ಬೇಕೆಂಬುದಕ್ಕೆ ಅಂದಾಜು ಲೆಕ್ಕ: ಎಡ-ಬಲ ಚಕ್ರಗಳ ನಡುವಿನ ಅಗಲವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿ ಟೈರಿನ ಸುತ್ತಳತೆಯಿಂದ ಗುಣಿಸಿ. ಅಗಲ 5.5 ಅಡಿ, ತ್ರಿಜ್ಯ 200 ಅಡಿ, ಸುತ್ತಳತೆ 86 ಇಂಚು ಇದ್ದರೆ ಸುಮಾರು 2.4 ಇಂಚು. ತಿರುವು ಚಿಕ್ಕದಾದಷ್ಟೂ ಹೆಚ್ಚು ಬೇಕು. ಇದಕ್ಕಿಂತ ಹೆಚ್ಚು ಕೊಟ್ಟರೆ ತಿರುವಿನಿಂದ ಹೊರಬರುವಾಗ ಹಿಂಭಾಗ ಜಾರುತ್ತದೆ. ಗಮನಿಸಿ, ಬಲಗಡೆಯ ಟೈರು ಹೆಚ್ಚು ಬಿಸಿಯಾಗಿ ಹೆಚ್ಚು ಉಬ್ಬುತ್ತದೆ. ತಣ್ಣಗಿದ್ದಾಗ ಸರಿಯಿದ್ದ ಅಳತೆ ಮೂವತ್ತು ಲ್ಯಾಪಿನ ಬಳಿಕ ಬೆಳೆದಿರುತ್ತದೆ. ತೇವವಿರುವ ಗಾಳಿಯ ಬದಲು ಒಣ ನೈಟ್ರೋಜನ್ ತುಂಬುವುದು ಈ ಏರಿಳಿತ ಕಡಿಮೆ ಮಾಡಲು.

ಟ್ರ್ಯಾಕಿನಿಂದ ಬಂದ ತಕ್ಷಣ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚಿನ ಬಿಸಿಯನ್ನು ಮುಳ್ಳಿನ ಥರ್ಮಾಮೀಟರ್ ಚುಚ್ಚಿ ಅಳೆಯಿರಿ. ನಡು ಹೆಚ್ಚು ಬಿಸಿಯಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಬಿಸಿಯಿದ್ದರೆ ಗಾಳಿ ಕಡಿಮೆ, ಬಲ ಮುಂದಿನ ಟೈರಿನ ಒಳ ಅಂಚು ಮಾತ್ರ ಕುದಿಯುತ್ತಿದ್ದರೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು) ಅತಿಯಾಗಿದೆ. ಬಲ ಮುಂದಿನದರ ಸರಾಸರಿ ಬಲ ಹಿಂದಿನದಕ್ಕಿಂತ ಬಹಳ ಮೇಲಿದ್ದರೆ ಮುಂಭಾಗ ತಿರುಗದೆ ಉಜ್ಜುತ್ತಿದೆ ಎಂದರ್ಥ. ಚಾಲಕನ ಮಾತಿಗೂ ಟೈರಿನ ಮಾತಿಗೂ ಹೊಂದದಿದ್ದರೆ ಸಾಮಾನ್ಯವಾಗಿ ಟೈರೇ ಸರಿ.

ಈ ಹೊಂದದಿರುವಿಕೆ ಎಲ್ಲಕ್ಕಿಂತ ಹೆಚ್ಚಾಗಿ ಒಂದು ಕಡೆ ಬರುತ್ತದೆ, ಅದನ್ನು ಅರಿಯದವರು ವರ್ಷಗಟ್ಟಲೆ ತಿರುಗಿದಲ್ಲೇ ತಿರುಗುತ್ತಾರೆ. ತಿರುವಿನ ಮಧ್ಯದಲ್ಲಿ ಕಾರಿನ ಮುಂಭಾಗ ತಿರುಗುವುದಿಲ್ಲ (ಟೈಟ್). ಚಾಲಕ ಸ್ಟೇರಿಂಗನ್ನು ಇನ್ನಷ್ಟು ಎಳೆಯುತ್ತಾನೆ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚು ತಿರುಗಿಸಿದ ಮುಂದಿನ ಚಕ್ರಗಳಿಗೆ ಹಠಾತ್ತನೆ ಹಿಡಿತ ಸಿಕ್ಕಿ ಹಿಂಭಾಗ ಪಟಕ್ಕನೆ ಜಾರುತ್ತದೆ (ಲೂಸ್). ಅವನಿಗೆ ಹೆದರಿಕೆ ಹುಟ್ಟಿಸಿದ್ದು ಜಾರಿದ್ದು, ಹಾಗಾಗಿ ರೇಡಿಯೋದಲ್ಲಿ ಹೇಳುವುದು ‘ಹೊರಬರುವಾಗ ಲೂಸ್’ ಎಂದು. ತಂಡ ಕ್ರಾಸ್ ವೇಟ್ ಏರಿಸುತ್ತದೆ. ಮುಂಭಾಗ ಇನ್ನೂ ಮೊಂಡಾಗುತ್ತದೆ, ಅವನು ಇನ್ನೂ ಎಳೆಯುತ್ತಾನೆ, ಇನ್ನೂ ಜೋರಾಗಿ ಜಾರುತ್ತದೆ. ಮದ್ದು ಕೊಟ್ಟಷ್ಟೂ ರೋಗ ಬಲಿಯುತ್ತದೆ. ಆದ್ದರಿಂದ ಪ್ರತಿ ತಿರುವನ್ನು ಮೂರು ತುಂಡು ಮಾಡಿ ಹೇಳಲು ಕಲಿಯಿರಿ: ಬ್ರೇಕ್ ಒತ್ತಿ ಒಳನುಗ್ಗುವಾಗ, ಯಾವ ಪೆಡಲನ್ನೂ ಒತ್ತದ ಮಧ್ಯದಲ್ಲಿ, ಆಕ್ಸಿಲರೇಟರ್ ಒತ್ತಿದ ಮೇಲೆ. ಮೊದಲ ತೊಂದರೆ ಯಾವ ತುಂಡಿನಲ್ಲಿ ಶುರುವಾಯಿತೋ ಅದನ್ನೇ ಮೊದಲು ಸರಿಮಾಡಿ. ನುಗ್ಗುವಾಗಲೇ ಹಿಂಭಾಗ ಅಲ್ಲಾಡಿದರೆ ವೆಡ್ಜ್ ಮುಟ್ಟುವ ಮುನ್ನ ಬ್ರೇಕಿನ ಪಾಲನ್ನು ಮುಂದಿನ ಚಕ್ರಗಳಿಗೆ ತುಸು ಹೆಚ್ಚು ಕೊಟ್ಟು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದೂ ಪುಸ್ತಕದಲ್ಲಿ: ದಿನಾಂಕ, ಟ್ರ್ಯಾಕಿನ ಬಿಸಿ, ಟೈರಿನ ವಯಸ್ಸು, ಮಾಡಿದ್ದು, ಆದದ್ದು.

ಹೊಸ ಟೈರಿನಲ್ಲಿ ಒಂದು ವೇಗದ ಲ್ಯಾಪ್ ಹಾಕುವುದು ಬೇಗ ಬರುತ್ತದೆ. ಐವತ್ತನೇ ಲ್ಯಾಪಿನಲ್ಲಿ ಟೈರು ಉಳಿಸಿಕೊಂಡಿರುವುದು ತಡವಾಗಿ ಬರುತ್ತದೆ, ಆದರೆ ಗೆಲುವು ಇರುವುದು ಅಲ್ಲೇ. ಅಭ್ಯಾಸದಲ್ಲಿ ಬರೀ ವೇಗದ ಲ್ಯಾಪಿನ ಹಿಂದೆ ಬೀಳದೆ, ಇಪ್ಪತ್ತೈದು ಲ್ಯಾಪ್ ಬಿಡದೆ ಓಡಿ, ಮೊದಲ ಐದರ ಮತ್ತು ಕೊನೆಯ ಐದರ ಸರಾಸರಿ ವ್ಯತ್ಯಾಸ ಬರೆದಿಡಿ. ಆ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ ನೀವು ಬೆಳೆಯುತ್ತಿದ್ದೀರಿ.

ಈ ಮಟ್ಟದ ದೊಡ್ಡ ಪರೀಕ್ಷೆ ಫ್ಲೋರಿಡಾದ ಪೆನ್ಸಕೋಲಾದ ಅರ್ಧ ಮೈಲಿ ಫೈವ್ ಫ್ಲ್ಯಾಗ್ಸ್ ಟ್ರ್ಯಾಕಿನಲ್ಲಿ ಡಿಸೆಂಬರಿನಲ್ಲಿ ನಡೆಯುವ 300 ಲ್ಯಾಪಿನ ಸ್ನೋಬಾಲ್ ಡರ್ಬಿ. 1968ರಿಂದ ನಡೆಯುತ್ತಿದೆ. 2012ರಲ್ಲಿ ಹದಿಹರೆಯದ ಎರಿಕ್ ಜೋನ್ಸ್ ಇಲ್ಲಿ ಕಪ್ ಚಾಲಕ ಕೈಲ್ ಬುಶ್‌ನನ್ನು ಸೋಲಿಸಿದ. ಮರುವರ್ಷ ಅದೇ ಬುಶ್‌ನ ತಂಡದ ಟ್ರಕ್ಕಿನಲ್ಲಿ ಕುಳಿತ, 2015ರಲ್ಲಿ ಟ್ರಕ್ ಚಾಂಪಿಯನ್ ಆದ. ತಪಾಸಣೆಯೂ ಅಷ್ಟೇ ಬಿಗಿ. 2013ರಲ್ಲಿ ಮೊದಲು ಗುರಿ ಮುಟ್ಟಿದ ಕಾರು ನಿಯಮಕ್ಕೆ ಹೊರತಾದ ಟಂಗ್‌ಸ್ಟನ್ ತೂಕ ಇದ್ದುದರಿಂದ ಅನರ್ಹವಾಯಿತು.

ಪಕ್ಕದ ಎರಡು ದಾರಿಗಳು

ಮಣ್ಣಿನ ಟ್ರ್ಯಾಕಿನ ಮಿಡ್ಜೆಟ್, ಸ್ಪ್ರಿಂಟ್ ಕಾರುಗಳಿಂದ ಬಂದವರು ಸದಾ ಜಾರುವ ಕಾರಿಗೆ ಒಗ್ಗಿರುತ್ತಾರೆ. ಕೈಲ್ ಲಾರ್ಸನ್ (2021 ಮತ್ತು 2025ರ ಕಪ್ ಚಾಂಪಿಯನ್), ಕ್ರಿಸ್ಟೋಫರ್ ಬೆಲ್ ಈ ಸಾಲಿನವರು. ಟಲ್ಸಾದಲ್ಲಿ ಜನವರಿಯಲ್ಲಿ ಸೂರಿನಡಿ ನಡೆಯುವ ಚಿಲಿ ಬೌಲ್ ಈ ದಾರಿಯ ಪ್ರದರ್ಶನ ವೇದಿಕೆ. ಅವರು ಡಾಂಬರಿಗೆ ಬಂದಾಗ ಕಲಿಯಬೇಕಾದ್ದು ತಾಳ್ಮೆ. ಡಾಂಬರಿನಲ್ಲಿ ಕಾರು ಅಡ್ಡಡ್ಡ ಜಾರಿದಷ್ಟೂ ಟೈರು ಸಾಯುತ್ತದೆ.

ಇನ್ನೊಂದು ದಾರಿ ಸಿಮ್ಯುಲೇಟರ್. ವಿಲಿಯಂ ಬೈರನ್ ಮನೆಯ ಕಂಪ್ಯೂಟರಿನಲ್ಲಿ ಐರೇಸಿಂಗ್ ಆಡಿ ಕಲಿತು, ಹದಿನೈದರ ಆಸುಪಾಸಿನಲ್ಲಿ ಲೆಜೆಂಡ್ಸ್ ಕಾರಿಗೆ ಇಳಿದ. 2015ರಲ್ಲಿ ಕೆ ಅಂಡ್ ಎನ್ ಈಸ್ಟ್ (ಈಗಿನ ಆರ್ಕಾ ಈಸ್ಟ್) ಚಾಂಪಿಯನ್, 2016ರಲ್ಲಿ ಟ್ರಕ್ಕಿನಲ್ಲಿ ಏಳು ಗೆಲುವು, 2017ರಲ್ಲಿ ಎಕ್ಸ್‌ಫಿನಿಟಿ ಚಾಂಪಿಯನ್, 2018ರಲ್ಲಿ ಕಪ್. ವರ್ಷಕ್ಕೊಂದು ಮೆಟ್ಟಿಲು! ಇದನ್ನು ತೋರಿಸಿ ‘ಅವಸರ ತಪ್ಪಲ್ಲ’ ಎನ್ನುವವರಿದ್ದಾರೆ. ಆದರೆ ಪ್ರತಿ ಮೆಟ್ಟಿಲಿನಲ್ಲೂ ಆತ ಗೆದ್ದು ಹೊರಟ, ಸೋತು ಜಿಗಿಯಲಿಲ್ಲ. ಸಿಮ್ಯುಲೇಟರ್ ಗೆರೆ, ಬ್ರೇಕ್ ಗುರುತು, ರೀಸ್ಟಾರ್ಟ್‌ನ (ತಡೆದ ರೇಸು ಮತ್ತೆ ಶುರುವಾಗುವ ಹೊತ್ತಿನ) ಲೆಕ್ಕಾಚಾರ ಕಲಿಸುತ್ತದೆ. ಸೊಂಟದಲ್ಲಿ ಗೊತ್ತಾಗುವ ಜಾರಿಕೆ, ಕಾರಿನೊಳಗಿನ ಬಿಸಿ, ಗೋಡೆಯ ಭಯ ಕಲಿಸುವುದಿಲ್ಲ.

ಆರ್ಕಾ: ಪರವಾನಗಿಯ ಬಾಗಿಲು

2018ರಲ್ಲಿ ನಾಸ್ಕಾರ್ ಕೊಂಡುಕೊಂಡ ಆರ್ಕಾ ಈಗ ರಾಷ್ಟ್ರೀಯ ಸೀರೀಸ್‌ಗಳಿಗೆ ಹೋಗುವ ಹಾದಿ. ಈಸ್ಟ್, ವೆಸ್ಟ್ ಎಂಬ ಪ್ರಾದೇಶಿಕ ಕವಲುಗಳಿವೆ. ಸಣ್ಣ ಟ್ರ್ಯಾಕುಗಳಿಗೆ 15 ವರ್ಷಕ್ಕೇ ಪ್ರವೇಶ, ಡೇಟೋನಾ ಮತ್ತು ಟಾಲಡೇಗಾಗಳಿಗೆ 18 ಆಗಬೇಕು. ವಯಸ್ಸಿನ ಮಿತಿಗಳು ಟ್ರ್ಯಾಕಿನ ಉದ್ದದ ಮೇಲೆ ನಿಂತಿವೆ, ಆಗಾಗ ತಿದ್ದುಪಡಿಯಾಗುತ್ತವೆ. ಆ ವರ್ಷದ ನಿಯಮಪುಸ್ತಕ ನೋಡದೆ ಯಾವ ತಂಡಕ್ಕೂ ಮುಂಗಡ ಕೊಡಬೇಡಿ.

ವಯಸ್ಸು ಆಗಿದ್ದರೆ ಸಾಲದು, ಅನುಮೋದನೆ ಬೇಕು. ಓಡಿದ ರೇಸುಗಳ ಪಟ್ಟಿ ಕಳಿಸಿದರೆ ಅಧಿಕಾರಿಗಳು ಟ್ರ್ಯಾಕಿನ ಬಗೆಗೆ ತಕ್ಕಂತೆ ಹಂತಹಂತವಾಗಿ ಒಪ್ಪುತ್ತಾರೆ: ಮೊದಲು ಒಂದು ಮೈಲಿಯೊಳಗಿನವು, ಬಳಿಕ ಒಂದೂವರೆ ಮೈಲಿಯವು, ಕೊನೆಗೆ 2.5 ಮೈಲಿಯ ಡೇಟೋನಾ, 2.66 ಮೈಲಿಯ ಟಾಲಡೇಗಾ. ಡೇಟೋನಾದಲ್ಲಿ ಜನವರಿಯಲ್ಲಿ ನಡೆಯುವ ಆರ್ಕಾ ಅಭ್ಯಾಸ ಹೊಸಬರ ಒಪ್ಪಿಗೆಗೆ ಮುಖ್ಯ ಸಂದರ್ಭ. ಅಲ್ಲಿ ನೋಡುವುದು ನಿಮ್ಮ ವೇಗವನ್ನಲ್ಲ. ಗುಂಪಿನಲ್ಲಿ ಗೆರೆ ಬಿಡದೆ ಹೋಗುವಿರಾ, ಸ್ಪಾಟರ್ (ಎತ್ತರದಿಂದ ನೋಡಿ ರೇಡಿಯೋದಲ್ಲಿ ಎಚ್ಚರಿಸುವವ) ಹೇಳಿದ್ದಕ್ಕೆ ಸ್ಪಂದಿಸುವಿರಾ, ಪಿಟ್ ರಸ್ತೆಗೆ (ಟೈರು, ಇಂಧನಕ್ಕೆ ನಿಲ್ಲುವ ಪಕ್ಕದ ದಾರಿಗೆ) ಸುರಕ್ಷಿತವಾಗಿ ಇಳಿಯುವಿರಾ ಎಂಬುದನ್ನು. ಆಪ್ತರ ಪಟ್ಟಿಯಲ್ಲಿ ಸ್ಪಾಟರ್‌ಗೆ ಮೊದಲ ಸ್ಥಾನ ಕೊಡಿ. ‘ಹೊರಗೆ ಒಂದು’, ‘ಇನ್ನೂ ಇದೆ’, ‘ಕ್ಲಿಯರ್’ ಎಂಬ ಮಾತುಗಳ ಲಯ ಇಬ್ಬರಿಗೂ ಒಂದೇ ಆಗುವವರೆಗೆ ಅಭ್ಯಾಸ ಬೇಕು. ‘ಕ್ಲಿಯರ್’ ಕೇಳಿಸುವ ಮೊದಲೇ ಸ್ಟೇರಿಂಗ್ ತಿರುಗಿಸುವುದು ಹೊಸಬರ ಅತಿ ಸಾಮಾನ್ಯ ಅಪಘಾತ.

ಆರ್ಕಾದಲ್ಲಿ ಒಳ್ಳೆಯ ಕಾರುಗಳು ಕೆಲವೇ, ಉಳಿದವು ಬಹಳ ಹಿಂದೆ. ಹಾಗಾಗಿ ಇಲ್ಲಿನ ಗೆಲುವುಗಳ ಎಣಿಕೆ ನೋಡಿ ಮಾರುಹೋಗಬೇಡಿ. ಒಂದು ವರ್ಷ ಸಾಕು. ಗಾಳಿಯ ಒತ್ತಡ ಕಡಿಮೆಯಾಗಿ ಮುಂದಿನ ಕಾರಿನ ಹಿಂದೆ ನಿಮ್ಮ ಕಾರಿನ ಮೂಗು ಹಿಡಿತ ಕಳೆದುಕೊಳ್ಳುವುದನ್ನು ಅನುಭವಿಸಿ, ಪಿಟ್ ಸ್ಟಾಪಿನಲ್ಲಿ ಗೆರೆಯೊಳಗೆ ನಿಲ್ಲಿಸಲು ಕಲಿತು ಮುಂದೆ ಹೋಗಿ.

ಟ್ರಕ್, ಎರಡನೇ ದರ್ಜೆ, ಕಪ್

ಟ್ರಕ್ ಸೀರೀಸ್‌ಗೆ ಸಣ್ಣ ಟ್ರ್ಯಾಕುಗಳಲ್ಲಿ 16, ದೊಡ್ಡವುಗಳಲ್ಲಿ 18 ವರ್ಷ ಆಗಿರಬೇಕು. 2001ರಲ್ಲಿ 16ರ ಕೈಲ್ ಬುಶ್ ಟ್ರಕ್ ಓಡಿಸುತ್ತಿದ್ದಾಗ ರೇಸಿಗೆ ಮೊದಲೇ ಇಳಿಸಲಾಯಿತು, ಮರುವರ್ಷದಿಂದ 18ರ ನಿಯಮ ಬಂತು. ಮುಂದೆ ಸಣ್ಣ ಟ್ರ್ಯಾಕುಗಳು ಮತ್ತು ರೋಡ್ ಕೋರ್ಸ್‌ಗಳ (ಎಡಕ್ಕೂ ಬಲಕ್ಕೂ ತಿರುವುಗಳಿರುವ ಟ್ರ್ಯಾಕು) ಮಟ್ಟಿಗೆ ಸಡಿಲಿಸಿದರು. ಹದಿನೇಳರ ಚೇಸ್ ಎಲಿಯಟ್ 2013ರಲ್ಲಿ ಕೆನಡಾದ ರೋಡ್ ಕೋರ್ಸ್‌ನಲ್ಲಿ ಟ್ರಕ್ ಗೆದ್ದದ್ದು ಆ ಸಡಿಲಿಕೆಯಿಂದ. ಟ್ರಕ್ ಎಂದರೆ ಗಾಳಿಯಲ್ಲಿ ಓಡುವ ಪೆಟ್ಟಿಗೆ. ಪಕ್ಕದ ಟ್ರಕ್ಕಿಗೆ ಹತ್ತಿರ ಸರಿದರೆ ಇಬ್ಬರ ಗಾಳಿಯೂ ಕೆಡುತ್ತದೆ, ಅದನ್ನು ಬಳಸಿ ಎದುರಾಳಿಯನ್ನು ಹಿಂದಕ್ಕೆಳೆಯುವುದನ್ನು ಇಲ್ಲೇ ಕಲಿಯಬೇಕು.

ಅದರ ಮೇಲಿನ ಸೀರೀಸ್‌ನ ಕಾರಿನಲ್ಲಿ ಹಿಂದೆ ಗಟ್ಟಿ ಆಕ್ಸಲ್, ನಾಲ್ಕು ಗೇರಿನ ಎಚ್ ಮಾದರಿಯ ಗೇರ್ ಲಿವರ್, ಚಕ್ರಕ್ಕೆ ಐದು ನಟ್ಟು. ಲೇಟ್ ಮಾಡೆಲ್‌ನಲ್ಲಿ ಕಲಿತದ್ದು ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. 2022ರಿಂದ ಬಂದ ಕಪ್ ಕಾರು ಬೇರೆಯೇ ಪ್ರಾಣಿ: ಸ್ವತಂತ್ರ ಹಿಂದಿನ ಸಸ್ಪೆನ್ಷನ್, ಐದು ಗೇರಿನ, ಒಂದಾದ ಮೇಲೆ ಒಂದರಂತೆ ಗೇರು ಬದಲಿಸುವ ಸೀಕ್ವೆನ್ಶಿಯಲ್ ಟ್ರಾನ್ಸ್‌ಆಕ್ಸಲ್, 18 ಇಂಚಿನ ಅಲ್ಯೂಮಿನಿಯಂ ಚಕ್ರಕ್ಕೆ ಒಂದೇ ನಟ್ಟು. ಟೈರಿನ ಪಕ್ಕಗೋಡೆ ಗಿಡ್ಡ, ಆದ್ದರಿಂದ ಹಿಡಿತ ತಪ್ಪುವ ಮುನ್ನ ಕೊಡುವ ಸೂಚನೆ ಕಡಿಮೆ. ಹಳೆಯ ಕಾರಿನಂತೆ ‘ಸ್ವಲ್ಪ ಜಾರಲಿ, ಹಿಡಿಯೋಣ’ ಎಂದುಕೊಂಡವರು ಗೋಡೆಯಲ್ಲಿರುತ್ತಾರೆ. ಬಿಡಿಭಾಗಗಳು ಒಂದೇ ಪೂರೈಕೆದಾರರಿಂದ ಎಲ್ಲ ತಂಡಕ್ಕೂ ಬರುವುದರಿಂದ ಕಾರುಗಳ ನಡುವೆ ಅಂತರವೂ ಕಡಿಮೆ. ಹಾಗಾಗಿ ಇಲ್ಲಿ ಸಾಲು ಸಾಲು ಸ್ಥಾನ ಬದಲಾಗುವುದು ರೀಸ್ಟಾರ್ಟ್‌ನಲ್ಲಿ ಮತ್ತು ಪಿಟ್ ರಸ್ತೆಯಲ್ಲಿ. ಹೊಸಬನ ಕಾರಿನ ಹಿಂದಿನ ಬಂಪರಿಗೆ ಹಳದಿ ಪಟ್ಟಿ ಇರುತ್ತದೆ, ಹಿಂದೆ ಬರುವವರಿಗೆ ಎಚ್ಚರಿಕೆ.

ರಾಷ್ಟ್ರೀಯ ಪರವಾನಗಿಗೆ ವೈದ್ಯಕೀಯ ಪರೀಕ್ಷೆ, ಮಾದಕವಸ್ತು ಪರೀಕ್ಷೆ, ಮುಂದೆ ಮೆದುಳಿಗೆ ಏಟು ಬಿದ್ದಾಗ ಹೋಲಿಸಿ ನೋಡಲು ಇಂಪ್ಯಾಕ್ಟ್ ಎಂಬ ಆರಂಭಿಕ ಪರೀಕ್ಷೆ ಇರುತ್ತದೆ. 2011ರಿಂದ ಚಾಲಕ ಒಂದೇ ರಾಷ್ಟ್ರೀಯ ಸೀರೀಸ್‌ನಲ್ಲಿ ಅಂಕ ಗಳಿಸಬಹುದು. ಯಾವುದೆಂದು ವರ್ಷದ ಆರಂಭದಲ್ಲಿ ಅರ್ಜಿಯಲ್ಲೇ ಗುರುತು ಹಾಕಬೇಕು.

ಹಣ ಮತ್ತು ಕಾಗದ

ಲೇಟ್ ಮಾಡೆಲ್‌ನಲ್ಲಿ ಒಂದು ವರ್ಷ ಮನೆಯವರೇ ನಡೆಸಿದರೂ ಹತ್ತಾರು ಸಾವಿರ ಡಾಲರ್. ಆರ್ಕಾದ ಮುಂಚೂಣಿ ತಂಡದಲ್ಲಿ ಒಂದೊಂದು ರೇಸಿಗೇ ಹತ್ತಾರು ಸಾವಿರ. ಟ್ರಕ್ಕಿನಿಂದ ಮೇಲೆ ಒಳ್ಳೆಯ ಸೀಟಿನ ಇಡೀ ವರ್ಷದ ಖರ್ಚು ಹತ್ತು ಲಕ್ಷ ಡಾಲರ್ ದಾಟುತ್ತದೆ. ಟೊಯೋಟಾ, ಷೆವ್ರೊಲೆ, ಫೋರ್ಡ್ ಕಂಪನಿಗಳು ಎಳೆಯ ಚಾಲಕರನ್ನು ಆರಿಸಿ ಬೆಳೆಸುತ್ತವೆ. 2004ರಲ್ಲಿ ಶುರುವಾದ ಡ್ರೈವ್ ಫಾರ್ ಡೈವರ್ಸಿಟಿ ಕಾರ್ಯಕ್ರಮದಿಂದ ಲಾರ್ಸನ್, ಬಬ್ಬಾ ವಾಲೇಸ್, ಡೇನಿಯಲ್ ಸ್ವಾರೆಜ್ ಬಂದರು. ಇವುಗಳ ಆಯ್ಕೆಗೆ ಹೋಗುವಾಗ ಟ್ರೋಫಿಗಳ ಫೋಟೊಗಿಂತ ಲ್ಯಾಪಿನ ಸಮಯಗಳ ಪಟ್ಟಿ, ಕಾರಿನೊಳಗಿನ ಕ್ಯಾಮೆರಾದ ಕತ್ತರಿಸದ ಒಂದು ಪೂರ್ತಿ ರೇಸು ಹೆಚ್ಚು ಕೆಲಸ ಮಾಡುತ್ತವೆ.

ಪ್ರಾಯೋಜಕರ ಬಳಿ ‘ನಿಮ್ಮ ಹೆಸರು ಕಾರಿನ ಮೇಲೆ ಬರೆಸುತ್ತೇನೆ’ ಎಂದು ಹೋದರೆ ಕಾಫಿ ಕೊಟ್ಟು ಕಳಿಸುತ್ತಾರೆ. ಆ ಕಂಪನಿ ಯಾರಿಗೆ ಮಾರುತ್ತದೆ, ಅವರಲ್ಲಿ ಯಾರನ್ನು ರೇಸಿಗೆ ಕರೆತಂದು ಒಂದೇ ಗ್ಯಾರೇಜಿನಲ್ಲಿ ಕೂರಿಸಬಹುದು, ಈಗಿರುವ ನಿಮ್ಮ ಇನ್ನೊಬ್ಬ ಪ್ರಾಯೋಜಕ ಅವರಿಂದ ಏನು ಕೊಳ್ಳಬಹುದು ಎಂಬ ಲೆಕ್ಕ ಒಂದು ಪುಟದಲ್ಲಿ ಇರಲಿ.

ಸೀಟಿಗೆ ಹಣ ಕೊಟ್ಟು ಓಡುವುದಾದರೆ ಒಪ್ಪಂದದಲ್ಲಿ ಇವು ಬರಹದಲ್ಲಿರಬೇಕು: ಎಷ್ಟು ರೇಸು, ಯಾವ ಟ್ರ್ಯಾಕು, ಎಷ್ಟು ದಿನದ ಅಭ್ಯಾಸ, ರೇಸಿಗೆ ಎಷ್ಟು ಸೆಟ್ ಹೊಸ ಟೈರು, ಯಾವ ಎಂಜಿನ್, ಕ್ರೂ ಚೀಫ್ ಯಾರು ಮತ್ತು ಆತ ಮಧ್ಯದಲ್ಲಿ ಬಿಟ್ಟುಹೋದರೆ ಏನು, ಮಳೆಯಿಂದ ರೇಸು ಮುಂದೂಡಿದರೆ ಹೆಚ್ಚುವರಿ ಖರ್ಚು ಯಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗೋಡೆಗೆ ಬಡಿದ ಕಾರಿನ ಬಿಲ್ಲು ಯಾರ ಪಾಲಿಗೆ, ಅದಕ್ಕೆ ಗರಿಷ್ಠ ಮಿತಿ ಎಷ್ಟು. ಈ ಮಿತಿ ಬರೆಯದೆ ಸಹಿ ಹಾಕಿದರೆ ಮೊದಲ ತಿಂಗಳ ಎರಡು ಅಪಘಾತಕ್ಕೇ ಇಡೀ ವರ್ಷದ ಹಣ ಮುಗಿದು, ಜೂನ್ ಹೊತ್ತಿಗೆ ಸೀಟಿನಲ್ಲಿ ಬೇರೆಯವರಿರುತ್ತಾರೆ. ಸಹಿಗೆ ಮೊದಲು ರೇಸಿಂಗ್ ಒಪ್ಪಂದ ಓದಿ ಗೊತ್ತಿರುವ ವಕೀಲರಿಗೆ ತೋರಿಸಿ. ಅವರ ಶುಲ್ಕ ಒಂದೆರಡು ಸೆಟ್ ಟೈರಿನ ಬೆಲೆಯಷ್ಟು ಆಗಬಹುದು, ಬಾಗಿದ ಒಂದು ಚಾಸಿಯ ಬಿಲ್ಲಿನ ಮುಂದೆ ಅದು ಏನೂ ಅಲ್ಲ.